ಬ್ಯಾಕ್‌ಹೋ ವಾಪಸ್ ಯಾಕೆ ಕೂರ್ಲಿಲ್ಲ: ಒಂದು ಸಣ್ಣ ಟ್ರಾಕ್ಟರಿನ ಪ್ರಕರಣ

ಈ ಪ್ರಕರಣದಲ್ಲಿರೋದು ಇಬ್ರು ಅಣ್ಣ ತಮ್ಮ, ಒಂದು ಸಣ್ಣ ಟ್ರಾಕ್ಟರು, ಅದರ ಹಿಂದೆ ಹಾಕಿ ನೆಲ ತೋಡೋ ಒಂದು ಬ್ಯಾಕ್‌ಹೋ. ಹೆಸರು, ಊರು, ಯಂತ್ರದ ಕಂಪನಿ ಯಾವುದನ್ನೂ ಬರೆಯಲ್ಲ, ಅಣ್ಣ ತಮ್ಮ ಅಂತಾನೇ ಕರೀತೀನಿ. ಅವರ ಒಪ್ಪಿಗೆ ತಗೊಂಡೇ ಬರೀತಿರೋದು. ಮೊದಲರ್ಧ ಅವರು ಹೇಳಿದ್ದು, ಎರಡನೇ ಅರ್ಧದಲ್ಲಿ ನಾನೂ ಪಕ್ಕದಲ್ಲೇ ನಿಂತಿದ್ದೆ. ಬರೆಯೋಕೆ ಕಾರಣ ಏನಂದ್ರೆ, ಬ್ಯಾಕ್‌ಹೋ ಹಾಕೋಕೆ ಒದ್ದಾಡೋರನ್ನ ತುಂಬ ನೋಡಿದೀನಿ, ಅವರಲ್ಲಿ ಹೆಚ್ಚಿನವರ ತೊಂದ್ರೆ ಶುರುವಾಗಿರೋದು ಹಿಂದಿನ ಸಲ ಅದನ್ನ ಕಳಚಿದ ದಿನಾನೇ. ಈ ಅಣ್ಣ ತಮ್ಮಂದಿರದ್ದು ಅದಕ್ಕೆ ಸರಿಯಾದ ಉದಾಹರಣೆ.

ಹಿನ್ನೆಲೆ

ಟ್ರಾಕ್ಟರು 30 ಎಚ್‌ಪಿ ಒಳಗಿಂದು, ಮುಂದೆ ಮಣ್ಣು ಜಲ್ಲಿ ಎತ್ತೋ ಲೋಡರ್ ಇದೆ. ಬ್ಯಾಕ್‌ಹೋ ಸುಮಾರು 400 ಕೆಜಿ ತೂಕದ್ದು, 2 ಮೀಟರ್ ಆಳದವರೆಗೂ ತೋಡತ್ತೆ. ಇದು ತ್ರೀ ಪಾಯಿಂಟ್ ಲಿಂಕೇಜಿಗೆ (ಟ್ರಾಕ್ಟರಿನ ಹಿಂದೆ ಉಪಕರಣ ಸಿಕ್ಕಿಸಿ ಎತ್ತೋ ಮೂರು ತೋಳು) ನೇತಾಕೋ ತರದ್ದಲ್ಲ, ಸಬ್‌ಫ್ರೇಮ್ ಮೇಲೆ ಕೂರೋದು. ಸಬ್‌ಫ್ರೇಮ್ ಅಂದ್ರೆ ಟ್ರಾಕ್ಟರಿನ ಹೊಟ್ಟೆ ಕೆಳಗೆ ಲೋಡರ್ ಫ್ರೇಮಿನಿಂದ ಹಿಂದಿನ ಆಕ್ಸಲ್‌ವರೆಗೂ ಹೋಗೋ ದಪ್ಪ ಪಟ್ಟಿಗಳು, ತೋಡುವಾಗ ಬರೋ ಎಳೆತ ತಳ್ಳಾಟ ಎಲ್ಲಾನೂ ಇವು ಉದ್ದಕ್ಕೂ ಹಂಚಿಕೊಳ್ತವೆ. ತ್ರೀ ಪಾಯಿಂಟಿಗೆ ಹಾಕಿದ್ರೆ ಅದೆಲ್ಲ ಭಾರ ಸಣ್ಣ ಟ್ರಾಕ್ಟರಿನ ಹಿಂದಿನ ಹೌಸಿಂಗ್ ಮೇಲೆ ಬೀಳತ್ತೆ, ಅದು ಬಿರುಕು ಬಿಡೋ ಸಾಧ್ಯತೆ ಇದೆ. ಹಾಗಾಗಿ ಇವರು ಸಬ್‌ಫ್ರೇಮ್ ಇರೋದನ್ನೇ ತಗೊಂಡಿದ್ದು ಒಳ್ಳೇ ತೀರ್ಮಾನ.

ಕೂರೋ ರೀತಿ ಹೀಗೆ: ಬ್ಯಾಕ್‌ಹೋ ಫ್ರೇಮಿನ ಕೆಳಗೆ ಎರಡು ಕೊಕ್ಕೆ, ಅವು ಟ್ರಾಕ್ಟರ್ ಕಡೆಯ ಅಡ್ಡ ರಾಡಿಗೆ ಸಿಕ್ಕಿಕೊಳ್ತವೆ. ಮೇಲೆ ಎರಡು ಕಡೆ ತೂತು, ಅದಕ್ಕೆ ದಪ್ಪ ಪಿನ್, ಆ ಪಿನ್ ಜಾರಿ ಬರದಂಗೆ ಅದಕ್ಕೊಂದು ಸಣ್ಣ ಲಿಂಚ್ ಪಿನ್. ಎಣ್ಣೆ ಹೋಗಿ ಬರೋಕೆ ಮೂರು ಹೋಸ್. ಒಂದು ಪ್ರೆಷರ್, ಒಂದು ಟ್ಯಾಂಕಿಗೆ ವಾಪಸ್ ಹೋಗೋದು, ಇನ್ನೊಂದು ಬ್ಯಾಕ್‌ಹೋ ಬಳಸದೇ ಇದ್ದಾಗ ಎಣ್ಣೆಯನ್ನ ಮುಂದಕ್ಕೆ ತ್ರೀ ಪಾಯಿಂಟ್ ಲಿಫ್ಟಿಗೆ ಕಳಿಸೋ ಪವರ್ ಬಿಯಾಂಡ್ ಲೈನು. ಈ ಮೂರನೇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬರತ್ತೆ.

ತೋಡೋ ಕೆಲಸ ಇಲ್ಲದಾಗ ಇವರಿಗೆ ಅದೇ ಟ್ರಾಕ್ಟರಿಗೆ ರೋಟವೇಟರ್ ಬೇಕು. ಬ್ಯಾಕ್‌ಹೋ ಇದ್ರೆ ರೋಟವೇಟರಿಗೆ ಜಾಗಾನೇ ಇಲ್ಲ. ಹಾಗಾಗಿ ಹಾಕೋದು ಕಳಚೋದು ಇವರಿಗೆ ತಪ್ಪಿದ್ದಲ್ಲ.

ಮೊದಲ ಸಲ ಕಳಚಿದ್ದು

ಪೈಪ್‌ಲೈನಿಗೆ ಚರಂಡಿ ತೋಡಿ, ಪೈಪ್ ಇಟ್ಟು, ಮಣ್ಣು ಮುಚ್ಚಿದ್ರು. ಸಂಜೆ ಆಗಿತ್ತು, ಮರುದಿನ ಬೆಳಗ್ಗೆ ರೋಟವೇಟರ್ ಬೇಕಿತ್ತು, ಅಲ್ಲೇ ಕಳಚಿಬಿಡೋಣ ಅಂದುಕೊಂಡ್ರು. ಇಡೀ ಪ್ರಕರಣದ ಬೇರು ಈ ಒಂದು ತೀರ್ಮಾನ. ತೋಡುವಾಗ ಯಂತ್ರ ಅಲ್ಲಾಡದಂಗೆ ಎರಡೂ ಪಕ್ಕ ನೆಲಕ್ಕೆ ಊರೋ ಕಾಲುಗಳೇ ಸ್ಟೆಬಿಲೈಜರ್. ಎಡಗಡೆ ಸ್ಟೆಬಿಲೈಜರ್ ಗಟ್ಟಿ ನೆಲದ ಮೇಲಿತ್ತು, ಬಲಗಡೆದು ಆಗಷ್ಟೇ ಮುಚ್ಚಿದ ಚರಂಡಿಯ ಸಡಿಲ ಮಣ್ಣಿನ ಮೇಲೆ. ಬಕೆಟ್ ಹಲ್ಲಿನ ಮೇಲೆ ನಿಂತಿತ್ತು. ಕೆಳಗೆ ಹಲಗೆ ಕೊಟ್ಟಿರಲಿಲ್ಲ, ಫ್ರೇಮಿನ ಮುಂಭಾಗಕ್ಕೆ ಆಸರೆ ಇಟ್ಟಿರಲಿಲ್ಲ. ಎಂಜಿನ್ ಆಫ್ ಮಾಡಿದ ತಕ್ಷಣ, ಎಣ್ಣೆ ಇನ್ನೂ ಬಿಸಿ ಇದ್ದಾಗ್ಲೇ, ಲಿವರ್‌ಗಳನ್ನ ಅತ್ತ ಇತ್ತ ಆಡಿಸಿ ಪ್ರೆಷರ್ ಇಳಿಸದೇ, ಹೋಸಿನ ತುದಿಯ ಜೋಡಣೆ, ಅಂದ್ರೆ ಕಪ್ಲಿಂಗ್, ಎಳೆದು ಬಿಚ್ಚಿದ್ರು. ಪಿನ್ ತೆಗೆದ್ರು, ಟ್ರಾಕ್ಟರ್ ಮುಂದಕ್ಕೆ ಬಂತು, ಕೆಲಸ ಬೇಗ ಮುಗೀತು ಅಂತ ಖುಷಿ ಆಯ್ತು. ಟ್ರಾಕ್ಟರ್ ಕಡೆಯ ಮೂರೂ ಕಪ್ಲಿಂಗಿಗೆ ಧೂಳು ಹೋಗಬಾರ್ದು ಅಂತ ಪ್ಲಾಸ್ಟಿಕ್ ಕವರ್ ಕಟ್ಟಿದ್ರು.

ಬೆಳಗ್ಗೆ ಎಂಜಿನ್ ಸ್ಟಾರ್ಟ್ ಮಾಡಿದ್ರೆ ಪಂಪು ಕಿರುಚೋ ಶಬ್ದ, ಎಂಜಿನ್ ಮೇಲೆ ಲೋಡ್ ಬಂದಂಗೆ ಎಳೀತಿದೆ, ಲಿಫ್ಟ್ ಮಾತ್ರ ಏಳ್ತಿಲ್ಲ. ಪಂಪ್ ಹೋಯ್ತು ಅಂತ ಅಣ್ಣನಿಗೆ ಗಾಬರಿ. ಯಾರೋ ಒಬ್ರು ಫಿಲ್ಟರ್ ಬದಲಾಯಿಸಿ ಅಂದ್ರಂತೆ, ಇನ್ನೊಬ್ರು ಲಿಫ್ಟಿನ ಸೀಲ್ ಅಂದ್ರಂತೆ. ತಮ್ಮ ಮಾತ್ರ ಕೂತ್ಕೊಂಡು ಹೋಸ್‌ಗಳು ಎಲ್ಲಿಂದ ಎಲ್ಲಿಗೆ ಹೋಗ್ತವೆ ಅಂತ ಬೆರಳಿಟ್ಟು ನೋಡ್ಕೊಂಡು ಹೋದ, ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟ ಆದ ಕೆಲಸ ಅದು. ಪಂಪಿಂದ ಎಣ್ಣೆ ಲೋಡರ್ ವಾಲ್ವಿಗೆ ಬರತ್ತೆ, ಅಲ್ಲಿಂದ ಪ್ರೆಷರ್ ಹೋಸಿಗೆ, ಅದು ಬ್ಯಾಕ್‌ಹೋ ವಾಲ್ವ್ ಒಳಗೆ ಹೊಕ್ಕು ಪವರ್ ಬಿಯಾಂಡ್ ಹೋಸಿಂದ ಆಚೆ ಬಂದು ಲಿಫ್ಟಿಗೆ ಹೋಗಬೇಕು. ಈಗ ನಡುವೆ ಬ್ಯಾಕ್‌ಹೋನೇ ಇಲ್ಲ, ಬಿಚ್ಚಿದ ಕಪ್ಲಿಂಗ್ ತನ್ನಷ್ಟಕ್ಕೆ ಮುಚ್ಕೊಳ್ಳತ್ತೆ, ಎಣ್ಣೆಗೆ ಹೋಗೋಕೆ ದಾರಿನೇ ಇಲ್ಲ, ಎಲ್ಲಾ ರಿಲೀಫ್ ವಾಲ್ವ್ (ಪ್ರೆಷರ್ ಮಿತಿ ಮೀರಿದಾಗ ತೆರೆಯೋ ವಾಲ್ವ್) ಮೂಲಕ ಕಿರುಚ್ಕೊಂಡು ಟ್ಯಾಂಕಿಗೆ ವಾಪಸ್ ಹೋಗ್ತಿತ್ತು. ಟ್ರಾಕ್ಟರ್ ಕಡೆಯ ಪ್ರೆಷರ್ ಕಪ್ಲಿಂಗನ್ನ ಲಿಫ್ಟಿಗೆ ಹೋಗೋ ಕಪ್ಲಿಂಗಿಗೇ ನೇರ ಸೇರಿಸಿದ್ರು, ಅವೆರಡೂ ಒಂದಕ್ಕೊಂದು ಕೂರ್ಲಿ ಅಂತಾನೇ ಗಂಡು ಹೆಣ್ಣು ಮಾಡಿಟ್ಟಿರ್ತಾರೆ. ಶಬ್ದ ನಿಂತೋಯ್ತು, ಲಿಫ್ಟ್ ಎದ್ದಿತು.

ಅವರ ಅದೃಷ್ಟ, ರಿಲೀಫ್ ವಾಲ್ವ್ ಸರಿಯಾಗಿ ಕೆಲಸ ಮಾಡ್ತು, ತುಂಬ ಹೊತ್ತು ಓಡಿಸಲೂ ಇಲ್ಲ. ಹಾಗೇ ಓಡಿಸ್ತಾ ಹೋಗಿದ್ರೆ ಎಣ್ಣೆ ಕಾದು ಸೀಲು, ಪಂಪು ಎರಡಕ್ಕೂ ಏಟು ಬೀಳ್ತಿತ್ತು. ಪ್ಲಾಸ್ಟಿಕ್ ಕವರ್ ಕಟ್ಟಿದ್ದು ಧೂಳಿನ ಬಗ್ಗೆ ಕಾಳಜಿಯಿಂದಲೇ, ಆದ್ರೆ ಆ ಎರಡು ಕಪ್ಲಿಂಗನ್ನ ಒಂದಕ್ಕೊಂದು ಸೇರಿಸಿದ್ರೆ ಧೂಳೂ ಹೋಗಲ್ಲ, ಎಣ್ಣೆಗೂ ದಾರಿ ಆಗತ್ತೆ.

ಇನ್ನೊಂದು ಸಂಗತಿ ಇದೇ ದಿನಗಳಲ್ಲಿ ನಡೀತು. ರೋಟವೇಟರ್ ಕೂಡ ತೆಗೆದಿಟ್ಟು, ತಮ್ಮ ಲೋಡರ್ ಬಕೆಟ್ ತುಂಬ ಒದ್ದೆ ಜಲ್ಲಿ ತುಂಬ್ಕೊಂಡು ಇಳಿಜಾರಲ್ಲಿ ಇಳೀತಿದ್ದ, ಹಿಂದಿನ ಒಂದು ಚಕ್ರ ನೆಲ ಬಿಟ್ಟಿತು. ಬಕೆಟ್ ಕೆಳಗೇ ಇತ್ತು, ತಕ್ಷಣ ನೆಲಕ್ಕೆ ಊರಿದ, ಉಳ್ಕೊಂಡ. ಬ್ಯಾಕ್‌ಹೋ ಇದ್ದಾಗ ಅದೇ ಜಲ್ಲಿ, ಅದೇ ಇಳಿಜಾರು, ಏನೂ ಆಗಿರಲಿಲ್ಲ. ಹಿಂದೆ 400 ಕೆಜಿ ಹೋಗಿದೆ ಅನ್ನೋದು ಕಣ್ಣಿಗೆ ಕಾಣತ್ತೆ, ಕೈಗೆ ಅಭ್ಯಾಸ ಆಗಿರೋದು ಮಾತ್ರ ಹಳೇ ತೂಕ. ಸಣ್ಣ ಟ್ರಾಕ್ಟರುಗಳಲ್ಲಿ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಮಾತ್ರ ಇರತ್ತೆ, ಹಿಂದಿನ ಚಕ್ರ ಹಗುರ ಆದ್ರೆ ಬ್ರೇಕೂ ಹಿಡಿಯಲ್ಲ. ಬ್ಯಾಕ್‌ಹೋ ಕಳಚಿದ ಮೇಲೆ ಲೋಡರ್ ಬಳಸೋದಾದ್ರೆ ಹಿಂದೆ ತೂಕ ಹಾಕ್ಲೇಬೇಕು, ಇದರಲ್ಲಿ ರಾಜಿ ಇಲ್ಲ. ಇವರು ಆಮೇಲೆ ತ್ರೀ ಪಾಯಿಂಟಿಗೆ ಹಾಕೋ ತೂಕದ ಡಬ್ಬ ಮಾಡಿಸ್ಕೊಂಡ್ರು.

ವಾಪಸ್ ಹಾಕೋಕೆ ಹೋದಾಗ

ಮಳೆ ಬಂದು ಹೋಯ್ತು. ಕೆಲವು ವಾರ ಆದ್ಮೇಲೆ ಇನ್ನೊಂದು ಕಡೆ ತೋಡೋ ಕೆಲಸ ಬಂತು. ಹೋಗಿ ನೋಡಿದ್ರೆ ಬಲಗಡೆ ಸ್ಟೆಬಿಲೈಜರ್ ಪಾದ ಮಣ್ಣಲ್ಲಿ ಹೂತೋಗಿದೆ, ಬಕೆಟ್ಟಿನ ಹಲ್ಲೂ ಒಳಗೆ ಇಳಿದಿವೆ, ಫ್ರೇಮ್ ಬಲಕ್ಕೆ ವಾಲಿ ಮುಂದಕ್ಕೂ ಬಾಗಿದೆ. ಇದರ ಜೊತೆಗೆ ಸಿಲಿಂಡರ್ ಸೀಲಿಂದ, ವಾಲ್ವಿನ ಸ್ಪೂಲಿಂದ (ಲಿವರ್ ಎಳೆದಾಗ ವಾಲ್ವಿನ ಒಳಗೆ ಜರುಗೋ ಕಡ್ಡಿ) ಎಣ್ಣೆ ಒಳಗೊಳಗೇ ನಿಧಾನಕ್ಕೆ ಜಾರೋದೂ ಇದ್ದೇ ಇರತ್ತೆ, ವಾರಗಟ್ಟಲೆ ಭಾರ ಹೊತ್ತು ನಿಂತ ಸ್ಟೆಬಿಲೈಜರ್ ಸ್ವಲ್ಪ ಸ್ವಲ್ಪ ಮೇಲಕ್ಕೆ ಮಡಚ್ಕೊಳ್ಳತ್ತೆ. ಕೊಕ್ಕೆಗಳು ಇರಬೇಕಾದ ಎತ್ತರಕ್ಕಿಂತ ಒಂದು ಗೇಣು ಕೆಳಗಿದ್ವು, ಅದೂ ಎರಡೂ ಒಂದೇ ಮಟ್ಟದಲ್ಲಿಲ್ಲ.

ಸರಿ ಮಾಡ್ಬೇಕಂದ್ರೆ ಬ್ಯಾಕ್‌ಹೋಗೆ ಎಣ್ಣೆ ಬೇಕು, ಅಂದ್ರೆ ಮೊದ್ಲು ಹೋಸ್ ಸೇರಿಸ್ಬೇಕು. ಹೋಸ್ ಸೇರ್ತಿಲ್ಲ. ಕಪ್ಲಿಂಗ್ ಎಷ್ಟು ಒತ್ತಿದ್ರೂ ಒಳಗೆ ಹೋಗ್ತಿಲ್ಲ. ಬಿಸಿ ಎಣ್ಣೆ ಇದ್ದಾಗ ಪ್ರೆಷರ್ ಇಳಿಸದೇ ಬಿಚ್ಚಿದ್ದು, ಆಮೇಲೆ ಹೋಸ್‌ಗಳು ಮಧ್ಯಾಹ್ನದ ಬಿಸಿಲಲ್ಲಿ ಬಿದ್ದಿದ್ದು, ಎರಡೂ ಸೇರಿ ಒಳಗೆ ಸಿಕ್ಕಿಹಾಕ್ಕೊಂಡ ಎಣ್ಣೆ ಕಪ್ಲಿಂಗಿನ ವಾಲ್ವನ್ನ ಒಳಗಿಂದ ಒತ್ತಿ ಹಿಡಿದಿತ್ತು. ಹೈಡ್ರಾಲಿಕ್ ಎಣ್ಣೆ 20 ಡಿಗ್ರಿ ಬಿಸಿಯಾದ್ರೆ ಗಾತ್ರದಲ್ಲಿ ಹೆಚ್ಚೋದು ಸುಮಾರು 1.4% ಅಷ್ಟೇ, ಆದ್ರೆ ಎರಡೂ ತುದಿ ಮುಚ್ಚಿರೋ ಹೋಸಲ್ಲಿ ಅಷ್ಟಕ್ಕೇ ಮನುಷ್ಯನ ಕೈ ಬಲ ಸಾಲಲ್ಲ.

ಅಣ್ಣ ಸುತ್ತಿಗೆ ತಗೊಂಡ. ಕಪ್ಲಿಂಗ್ ತುದಿಯ ವಾಲ್ವನ್ನ ಕಲ್ಲಿಗೆ ಒತ್ತಿ ಎಣ್ಣೆ ಬಿಡಿಸೋಕೂ ನೋಡಿದ್ರಂತೆ, ಎಣ್ಣೆ ಚಿಮ್ಮಿ ಅಂಗಿಯೆಲ್ಲ ಆಯ್ತು. ಇದನ್ನ ಕೇಳಿ ನನಗೆ ನಿಜವಾಗ್ಲೂ ಭಯ ಆಯ್ತು. ಈ ತರದ ಟ್ರಾಕ್ಟರುಗಳ ಹೈಡ್ರಾಲಿಕ್ 140 ರಿಂದ 170 ಬಾರ್ ಆಸುಪಾಸಿನ ಪ್ರೆಷರಲ್ಲಿ ಕೆಲಸ ಮಾಡತ್ತೆ, ಸಿಕ್ಕಿಹಾಕ್ಕೊಂಡ ಪ್ರೆಷರ್ ಎಷ್ಟಿದೆ ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ. ಸೂಜಿಮೊನೆಯಷ್ಟು ಸಂದಿಯಿಂದ ಬಂದ ಎಣ್ಣೆ ಚರ್ಮ ತೂರಿ ಒಳಗೆ ಹೋಗತ್ತೆ, ಹೊರಗೆ ಒಂದು ಸಣ್ಣ ಚುಕ್ಕಿ ಮಾತ್ರ ಕಾಣತ್ತೆ, ಮೊದಮೊದಲು ನೋವೂ ಅಷ್ಟಿರಲ್ಲ, ಆದ್ರೆ ಕೆಲವೇ ಗಂಟೆಯೊಳಗೆ ಸರ್ಜರಿ ಆಗ್ದಿದ್ರೆ ಬೆರಳೋ ಕೈಯೋ ಹೋಗಬಹುದು. ಅಂಥ ಚುಕ್ಕಿ ಆದ್ರೆ ನಾಳೆ ನೋಡೋಣ ಅನ್ನೋ ಮಾತೇ ಇಲ್ಲ, ಆಗಲೇ ಆಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಬೇಕು.

ಹೋಸ್ ಸೇರಲಿಲ್ಲ ಅಂದ್ಮೇಲೆ ಕೈಬಲದಲ್ಲೇ ಕೂರಿಸೋಣ ಅಂತ ತೀರ್ಮಾನ ಮಾಡಿದ್ರು. ತಮ್ಮ ಟ್ರಾಕ್ಟರ್ ರಿವರ್ಸ್ ತರೋದು, ಅಣ್ಣ ಟ್ರಾಕ್ಟರಿಗೂ ಬ್ಯಾಕ್‌ಹೋಗೂ ನಡುವೆ ನಿಂತು ಹಾರೆ ಕೊಟ್ಟು ಕೊಕ್ಕೆ ಎತ್ತೋದು. ಎಡಗಡೆ ಕೊಕ್ಕೆ ರಾಡ್ ಹತ್ರ ಬಂತು, ಅದರ ಮೇಲೆ ಒಂದು ಪಿನ್ನನ್ನ ಓರೆಯಾಗೇ ಸುತ್ತಿಗೆಯಿಂದ ಹೊಡೆದು ಅರ್ಧ ತೂರಿಸಿದ್ರು. ಇನ್ನೊಂದು ಸಲ ಹಾರೆ ಮೀಟಿದಾಗ ಬಲಗಡೆ ಪಾದ ಮಣ್ಣಲ್ಲಿ ಜಾರಿ ಇಡೀ ಫ್ರೇಮ್ ಆ ಕಡೆ ಕುಸೀತು. ಅಣ್ಣ ಆಚೆ ಹಾರಿದ, ಹಾರೆ ಟ್ರಾಕ್ಟರಿಗೂ ಫ್ರೇಮಿಗೂ ನಡುವೆ ಸಿಕ್ಕು ಬಾಗೋಯ್ತು. ಅವನ ಕಾಲಿದ್ದ ಜಾಗ ಅದು.

ತಮ್ಮ ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕ್ಕೊಂಡು, "ಅಣ್ಣಾ ಸಾಕು, ಇವತ್ತು ಬೇಡ, ಪೈಪ್ ಕೆಲಸ ತಡ ಆದ್ರೆ ಆಗ್ಲಿ" ಅಂದನಂತೆ. ಅಣ್ಣ ಮೊದ್ಲು ಬೈದನಂತೆ, ಆಮೇಲೆ ಬಾಗಿದ ಹಾರೆ ನೋಡಿ ಸುಮ್ಮನಾದ. ಅರ್ಧ ಕೂತಿದೆ, ಇನ್ನೊಂದು ಸಲ ತಳ್ಳಿದ್ರೆ ಆಗೋಗತ್ತೆ ಅನ್ಸೋ ಹೊತ್ತಲ್ಲಿ ಕೀ ತೆಗೆಯೋದು ಸುಲಭ ಅಲ್ಲ, ಅದರಲ್ಲೂ ಎದುರಿಗಿರೋದು ದೊಡ್ಡವನಾದಾಗ.

ಎರಡನೇ ಪ್ರಯತ್ನ

ಅವರು ನನ್ನನ್ನ ಕರೆದಿದ್ದು ಇದಾದ್ಮೇಲೆ. ಬೆಳಗ್ಗೆ ಬಿಸಿಲು ಬರೋಕೆ ಮುಂಚೆ ಶುರು ಮಾಡಿದ್ವಿ, ಹಿಂದಿನ ದಿನಾನೇ ಹೋಸ್‌ಗಳನ್ನ ಗೋಣಿಚೀಲದಿಂದ ಮುಚ್ಚಿಡಿ ಅಂದಿದ್ದೆ. ಮೊದಲ ಕೆಲಸ ಆ ಓರೆ ಪಿನ್ ಹೊರಗೆ ತೆಗೆದು ಟ್ರಾಕ್ಟರನ್ನ ಮುಂದಕ್ಕೆ ತಂದಿದ್ದು. ಆಮೇಲೆ ಫ್ರೇಮಿನ ಕೆಳಗೆ ಮುಂದೆ, ಪಕ್ಕದಲ್ಲಿ ದಪ್ಪ ಮರದ ದಿಮ್ಮಿಗಳನ್ನ ಕೊಟ್ಟು, ಏನೇ ಜಾರಿದ್ರೂ ಬೀಳದ ಹಾಗೆ ಮಾಡಿದ್ವಿ. ಇದಕ್ಕೆ ಹಿಡಿದಷ್ಟು ಹೊತ್ತು ಉಳಿದ ಯಾವ ಕೆಲಸಕ್ಕೂ ಹಿಡೀಲಿಲ್ಲ, ಹಿಡೀಬೇಕಾದ್ದೂ ಹಾಗೇ.

ಹೋಸಿನ ಪ್ರೆಷರ್ ಇಳಿಸೋಕೆ ಬ್ಯಾಕ್‌ಹೋ ಲಿವರ್ ಆಡಿಸಬೇಕು, ಯಾವ ಲಿವರ್ ಅನ್ನೋದು ಇಲ್ಲಿ ಮುಖ್ಯ. ಸ್ಟೆಬಿಲೈಜರ್ ಲಿವರ್ ಮುಟ್ಟಿದ್ರೆ ಭಾರ ಹೊತ್ತಿರೋ ಸಿಲಿಂಡರ್ ಸಡಿಲ ಆಗಬಹುದು. ತೋಡೋ ಕೈಯನ್ನ ಎಡ ಬಲಕ್ಕೆ ತಿರುಗಿಸೋ ಸ್ವಿಂಗ್ ಲಿವರ್ ಯಾವ ಭಾರಾನೂ ಎತ್ತಿ ಹಿಡಿದಿರಲ್ಲ, ಹಾಗಾಗಿ ಅದನ್ನೇ ಎರಡೂ ಕಡೆ ಆಡಿಸಿದ್ದು. ಟ್ರಾಕ್ಟರ್ ಕಡೆ ಎಂಜಿನ್ ಆಫ್ ಇದ್ದಾಗ ಲೋಡರ್ ನೆಲಕ್ಕಿಳಿಸಿ ಅದರ ಲಿವರ್ ಕೂಡ ಆಡಿಸಿದ್ವಿ. ಟ್ರಾಕ್ಟರನ್ನ ಹೋಸ್ ನಿಲುಕೋ ಅಷ್ಟು ದೂರಕ್ಕೆ ಮಾತ್ರ ರಿವರ್ಸ್ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ, ಕಪ್ಲಿಂಗ್ ಮುಖಗಳನ್ನ ಚೊಕ್ಕ ಬಟ್ಟೇಲಿ ಒರೆಸಿ ಒತ್ತಿದ್ರೆ ಕೈಬಲಕ್ಕೇ ಸೇರ್ಕೊಂಡ್ವು.

ಎಂಜಿನ್ ಸ್ಟಾರ್ಟ್ ಮಾಡಿದಾಗ ಶಬ್ದ ಸರಿಯಾಗೇ ಇತ್ತು. ತಮ್ಮ ಬ್ಯಾಕ್‌ಹೋ ಸೀಟಲ್ಲಿ ಕೂತು ಬೂಮ್ (ತೋಡೋ ಕೈಯ ಬುಡದ ಭಾಗ) ಲಿವರ್ ಸ್ವಲ್ಪ ಎಳೆದ, ಎಂಜಿನ್ ತಗ್ಗಿತು, ಬೂಮ್ ಅಲ್ಲಾಡಲಿಲ್ಲ. ಲಿವರ್ ಬಿಡು, ಎಂಜಿನ್ ಆಫ್ ಮಾಡು ಅಂದೆ. ಲಿವರ್ ಎಳೀದೇ ಇದ್ದಾಗ ಎಣ್ಣೆ ಪವರ್ ಬಿಯಾಂಡ್ ದಾರೀಲಿ ಆರಾಮಾಗಿ ಹೋಗ್ತಿರತ್ತೆ, ಅದಕ್ಕೇ ಶಬ್ದ ಸರಿ ಇತ್ತು. ಲಿವರ್ ಎಳೆದಾಗ ಸಿಲಿಂಡರಿನ ಇನ್ನೊಂದು ಬದಿಯ ಎಣ್ಣೆ ಟ್ಯಾಂಕ್ ಹೋಸಿಂದ ವಾಪಸ್ ಹೋಗಬೇಕು, ಆ ಕಪ್ಲಿಂಗ್ ಪೂರ್ತಿ ಒಳಗೆ ಕೂತಿರಲಿಲ್ಲ. ಕಣ್ಣಿಗೆ ಸೇರಿದಂಗೇ ಕಾಣ್ತಿತ್ತು, ಹೊರಗಿನ ಕಾಲರ್ ಕ್ಲಿಕ್ ಆಗಿ ಮುಂದಕ್ಕೆ ಬಂದಿರಲಿಲ್ಲ, ಸಂದೀಲಿ ಮಣ್ಣು ಗಟ್ಟಿಯಾಗಿತ್ತು. ಈ ಸ್ಥಿತೀಲಿ ಬಲವಾಗಿ ಲಿವರ್ ಎಳೆದು ಹಿಡಿದಿದ್ರೆ, ಕಡಿಮೆ ಪ್ರೆಷರಿಗೆ ಅಂತ ಮಾಡಿರೋ ಟ್ಯಾಂಕ್ ಬದಿಯ ಸೀಲುಗಳಿಗೆ ಪೂರ್ತಿ ಪ್ರೆಷರ್ ಹೊಡೆದು ವಾಲ್ವೇ ಸೋರೋಕೆ ಶುರುವಾಗ್ತಿತ್ತು. ಬಿಚ್ಚಿ, ಮಣ್ಣು ಕೆದಕಿ ತೆಗೆದು, ಮತ್ತೆ ಸೇರಿಸಿ, ಮೂರನ್ನೂ ಒಂದೊಂದಾಗಿ ಹಿಂದಕ್ಕೆ ಎಳೆದು ನೋಡಿದ್ವಿ. ಒತ್ತಿದಾಗ ಕೂತಿದೆ ಅನ್ಸೋದು ಸಾಕಾಗಲ್ಲ, ಎಳೆದಾಗ ಬರಬಾರ್ದು.

ಆಮೇಲಿನ ಕೆಲಸ ಯಂತ್ರಾನೇ ಮಾಡ್ತು. ಎರಡು ಸ್ಟೆಬಿಲೈಜರ್, ಒಂದು ಬಕೆಟ್, ಮೂರು ಕಾಲಿನ ಸ್ಟೂಲ್ ತರ. ಸ್ಟೆಬಿಲೈಜರ್‌ಗಳು ಇಡೀ ಫ್ರೇಮನ್ನ ಏರಿಸಿ ಇಳಿಸ್ತವೆ, ಒಂದನ್ನ ಮಾತ್ರ ಆಡಿಸಿದ್ರೆ ಎಡ ಬಲದ ವಾಲಿಕೆ ಸರಿಯಾಗತ್ತೆ, ಬೂಮನ್ನ ಕೆಳಕ್ಕೆ ಒತ್ತಿದ್ರೆ ಫ್ರೇಮಿನ ಟ್ರಾಕ್ಟರ್ ಬದಿ ತಗ್ಗತ್ತೆ, ಬಿಟ್ರೆ ಏರತ್ತೆ. ಹೂತಿದ್ದ ಪಾದ ಮೇಲೆತ್ತಿ ಕೆಳಗೆ ಅಗಲ ಹಲಗೆ ಕೊಟ್ವಿ, ಬಕೆಟ್ ಕೆಳಗೂ ಕೊಟ್ವಿ. ಎಂಜಿನ್ ಐಡಲಲ್ಲೇ, ಲಿವರ್ ಮೇಲೆ ಬೆರಳು ಇಟ್ಟಷ್ಟೇ ಬಲ. ಅಣ್ಣ ಪಕ್ಕದಲ್ಲಿ ದೂರ ನಿಂತು ಕಣ್ಣಲ್ಲೇ ಅಳತೆ ಹೇಳ್ತಿದ್ದ, ನಡುವೆ ಯಾರೂ ಹೋಗಕೂಡದು ಅಂತ ಮೊದಲೇ ಮಾತಾಗಿತ್ತು. ಕೊಕ್ಕೆ ರಾಡಿಗಿಂತ ಸ್ವಲ್ಪ ಮೇಲೆ ಬಂದಾಗ ತಮ್ಮ ಸೀಟಿಂದ ಇಳಿದು ಹೋಗಿ ಟ್ರಾಕ್ಟರನ್ನ ಒಂದು ಗೇಣು ಹಿಂದಕ್ಕೆ ತಂದ, ಬ್ರೇಕ್ ಹಾಕಿ ಮತ್ತೆ ಬಂದು ಕೂತು ಇಳಿಸಿದ, ಎರಡೂ ಕೊಕ್ಕೆ ಒಟ್ಟಿಗೆ ಕೂತ್ವು. ಮೇಲಿನ ತೂತು ಹೊಂದೋಕೆ ಬೂಮ್ ಲಿವರನ್ನ ತುಸು ತುಸು ಆಡಿಸಿದ್ರೆ ಸಾಕಾಯ್ತು. ತೂತು ಸರಿ ಇದೆಯಾ ಅಂತ ಬೆರಳು ಹಾಕಿ ನೋಡೋ ಚಟ ತುಂಬ ಜನಕ್ಕಿದೆ, ಟಾರ್ಚ್ ಹಾಕಿ ನೋಡಿ, ಬೆರಳು ಬೇಡ. ಬಲಗಡೆ ಪಿನ್ ಗ್ರೀಸ್ ಹಚ್ಚಿ ಕೈಯಲ್ಲೇ ತಳ್ಳಿದ್ರೆ ಹೋಯ್ತು. ಎಡಗಡೇದು ಹೋಯ್ತು, ಆದ್ರೆ ಸ್ವಲ್ಪ ಆಡ್ತಿತ್ತು.

ಕೊನೇಲಿ ಎಲ್ಲಾ ಲಿವರ್ ಒಂದು ಸುತ್ತು ಆಡಿಸಿ, ಹೋಸ್ ಜಾಯಿಂಟುಗಳ ಹತ್ರ ರಟ್ಟಿನ ತುಂಡು ಹಿಡಿದು ಸೋರಿಕೆ ನೋಡಿದ್ವಿ. ಸ್ವಲ್ಪ ಹೊತ್ತು ತೋಡಿದ್ಮೇಲೆ ನಿಲ್ಲಿಸಿ ಪಿನ್ನು, ಸಬ್‌ಫ್ರೇಮಿನ ಬೋಲ್ಟು ಮತ್ತೆ ನೋಡಿದ್ರು, ಎರಡು ಬೋಲ್ಟ್ ಸಡಿಲ ಇದ್ವು.

ಆಮೇಲೆ ಕಳಚಿದ ರೀತಿ

ಈ ಸಲ ಕಳಚೋಕೆ ಮುಂಚೆ ಅವರು ಕೇಳ್ಕೊಂಡ ಪ್ರಶ್ನೆ, ವಾಪಸ್ ಹಾಕೋ ದಿನ ಇದು ಹೇಗೆ ನಿಂತಿರಬೇಕು ಅಂತ. ಕಾಂಕ್ರೀಟ್ ನೆಲ ಇರೋ ನೆರಳಿನ ಜಾಗ ಆರಿಸಿದ್ರು, ಟ್ರಾಕ್ಟರ್ ನೇರ ರಿವರ್ಸ್ ಬರೋಕೆ ಮುಂದೆ ಜಾಗ ಬಿಟ್ರು. ಬಕೆಟ್ಟನ್ನ ಹಲ್ಲಿನ ಮೇಲೆ ನಿಲ್ಲಿಸದೇ ಚಪ್ಪಟೆಯಾಗಿ ಕೂರಿಸಿದ್ರು. ಪಿನ್ ತೆಗೆದು ಕೊಕ್ಕೆ ಬಿಡಿಸಿದ ಮೇಲೆ, ಎಣ್ಣೆ ಇನ್ನೂ ಸಿಗ್ತಿರೋವಾಗ್ಲೇ, ಫ್ರೇಮಿನ ಮುಂಭಾಗದ ಕೆಳಗೆ ಅದೇ ಎತ್ತರಕ್ಕೆ ದಿಮ್ಮಿ ಜೋಡಿಸಿ ಭಾರವನ್ನ ಅದರ ಮೇಲೆ ಇಳಿಸಿದ್ರು. ಸಿಲಿಂಡರ್ ಎಷ್ಟೇ ಜಾರಿದ್ರೂ ಕೊಕ್ಕೆಯ ಎತ್ತರ ಬದಲಾಗಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ಎಂಜಿನ್ ಆಫ್ ಮಾಡಿ, ಲಿವರ್ ಎಲ್ಲಾ ಆಡಿಸಿ, ಎಣ್ಣೆ ತಣ್ಣಗಾಗೋವರೆಗೂ ಕಾದು ಹೋಸ್ ಬಿಚ್ಚಿದ್ರು. ಟ್ರಾಕ್ಟರ್ ಕಡೆಯ ಎರಡು ಕಪ್ಲಿಂಗ್ ಒಂದಕ್ಕೊಂದು ಸೇರಿಸಿ, ಟ್ಯಾಂಕ್ ಲೈನಿನ ಕಪ್ಲಿಂಗಿಗೆ ಮುಚ್ಚಳ ಹಾಕಿದ್ರು. ಮೂರು ಹೋಸಿಗೂ ಮೂರು ಬಣ್ಣದ ಟೇಪ್ ಸುತ್ತಿದ್ರು. ಹೊರಗೆ ಕಾಣೋ ಸಿಲಿಂಡರ್ ರಾಡುಗಳ ಹೊಳಪಿನ ಭಾಗಕ್ಕೆ ಗ್ರೀಸ್ ಸವರಿದ್ರು, ಅಲ್ಲಿ ತುಕ್ಕು ಹಿಡಿದ್ರೆ ಅದು ಸೀಲನ್ನ ಉಜ್ಜಿ ಹರಿಯತ್ತೆ. ಟ್ರಾಕ್ಟರ್ ಚಕ್ರ ಇದ್ದ ಜಾಗಕ್ಕೆ ನೆಲದ ಮೇಲೆ ಪೇಂಟಿಂದ ಗೆರೆ ಎಳೆದ್ರು. ಮುಂದಿನ ಸಲ ಹಾಕೋವಾಗ ಹಾರೆ ಬೇಕಾಗಲಿಲ್ಲ, ಸುತ್ತಿಗೆನೂ ಬೇಕಾಗಲಿಲ್ಲ.

ಇನ್ನೊಂದು ಬದಲಾವಣೆ, ಒಂದೊಂದು ಸಣ್ಣ ಗುಂಡಿಗೂ ಹಾಕಿ ತೆಗೆಯೋದನ್ನ ಬಿಟ್ಟಿದಾರೆ. ತೋಡೋ ಕೆಲಸಗಳನ್ನ ಬರೆದಿಟ್ಕೊಂಡು ಒಟ್ಟಿಗೆ ಮಾಡಿ ಮುಗಿಸ್ತಾರೆ, ಹಾಕೋದು ತೆಗೆಯೋದು ಕಮ್ಮಿ ಆದಷ್ಟೂ ಕಪ್ಲಿಂಗೊಳಗೆ ಮಣ್ಣು ಹೋಗೋದೂ ಕಮ್ಮಿ.

ಎಡಗಡೆ ಪಿನ್ನಿನ ತೂತು ಮಾತ್ರ ಆವತ್ತಿನ ಸುತ್ತಿಗೆ ಏಟಿಗೆ ಒಂದು ಬದಿ ಅಗಲ ಆಗೋಗಿದೆ. ತೋಡುವಾಗ ಅಲ್ಲಿ ಟಕ್ ಟಕ್ ಅನ್ನತ್ತೆ, ಹಾಗೇ ಬಿಟ್ರೆ ಇನ್ನೂ ಅಗಲ ಆಗತ್ತೆ, ಆ ಕಡೆಯ ಭಾರ ಎಲ್ಲ ಬಲಗಡೆ ಪಿನ್ ಮೇಲೆ ಬೀಳತ್ತೆ. ತೂತನ್ನ ದುಂಡಗೆ ಕೊರೆಸಿ ಒಳಗೆ ಲೋಹದ ಬಳೆ, ಅಂದ್ರೆ ಬುಷ್, ಹಾಕಿಸ್ಬೇಕು ಅಂತ ಹೇಳಿದೀನಿ. ಅಲ್ಲಿವರೆಗೂ ಕಲ್ಲು ಕೀಳೋ ಕೆಲಸಕ್ಕೆ ಹಚ್ಚಲ್ಲ, ಮೆತ್ತನೆ ಮಣ್ಣು ಮಾತ್ರ ತೋಡ್ತೀವಿ ಅಂತ ಇಬ್ರೂ ಒಪ್ಪಿದಾರೆ, ಒಂದೊಂದು ಸಲ ಕಳಚಿದಾಗ್ಲೂ ಆ ತೂತಿನ ಅಳತೆ ತಗೊಂಡು ಬರೆದಿಡ್ತಿದಾರೆ.